ಕುಯ್ಯದೆ ಬಿಟ್ಟ ಸೊಪ್ಪು

ನಾನು ಸೋಮಾರಿ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಪಡುವುದಕ್ಕೂ ಒಂದಿಷ್ಟು ಶ್ರಮ ಬೇಕು. ಆದರೆ ಸಾತನೂರಿನ ಪಕ್ಕದ ಹಳ್ಳಿಯಲ್ಲಿ, ರೇಷ್ಮೆ ಹುಳ ಸಾಕುವ ಮನೆಯಲ್ಲಿ ಹುಟ್ಟಿ ಸೋಮಾರಿಯಾಗುವುದು ಅಂದುಕೊಂಡಷ್ಟು ಸುಲಭವಲ್ಲ. ಅಲ್ಲಿ ಮನುಷ್ಯರ ದಿನಚರಿಯನ್ನು ಹುಳಗಳ ಹೊಟ್ಟೆ ನಿರ್ಧರಿಸುತ್ತದೆ. ಅವು ತಿನ್ನುವಾಗ ನಾವು ಹಿಪ್ಪುನೇರಳೆ ಸೊಪ್ಪು ಕುಯ್ಯಬೇಕು. ಅವು ಪೊರೆ ಬಿಡಲು ಜ್ವರಕ್ಕೆ ಕೂತು ತಿನ್ನುವುದನ್ನು ನಿಲ್ಲಿಸಿದಾಗ ಮಾತ್ರ ನಮಗೆ ನೆಮ್ಮದಿಯ ಊಟ. ನಾನು ಹತ್ತನೇ ತರಗತಿಯಲ್ಲಿ ಹೋಬಳಿಗೇ ಎರಡನೆಯವನಾಗಿ ಪಾಸಾದದ್ದು ಬುದ್ಧಿವಂತಿಕೆಯಿಂದಲ್ಲ. ಪುಸ್ತಕ ಹಿಡಿದು ಕೂತವನ ಕೈಗೆ ಯಾರೂ ಸೊಪ್ಪು ಕುಯ್ಯುವ ಕುಡ್ಲು ಕೊಡುವುದಿಲ್ಲ ಎಂಬುದನ್ನು ಬೇಗ ಕಂಡುಕೊಂಡೆ, ಅಷ್ಟೇ.

ಹೀಗೆ ಓದಿ ಓದಿ, ಮನೆಯವರ ಬಾಯಲ್ಲಿ ಬರೀ ಯೋಗನಾಗಿದ್ದ ಯೋಗಾನಂದ ನಾನು, ರಾಮನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾದೆ. ನನ್ನ ಸ್ವಭಾವಕ್ಕೆ ಒಪ್ಪುವ ಕೆಲಸ ಅದು. ಊರಿನ ತೋಟವನ್ನು ಅಪ್ಪ ಕೆಂಪಯ್ಯನೂ ಅಣ್ಣ ಅನಂತರಾಜುವೂ ನೋಡಿಕೊಂಡರು. ಎಪ್ಪತ್ತಾರು ವರ್ಷದ ಅಪ್ಪನ ಸೊಪ್ಪಿನ ತೋಟಕ್ಕೆ ನಮ್ಮ ಸುತ್ತಿನಲ್ಲಿ ಹೆಸರಿದೆ. ಅಪ್ಪನ ಬಾಯಲ್ಲಿ ಮಾತ್ರ ಯಾರಿಗೂ ಹೆಸರಿಲ್ಲ. ಹೊಗಳುವುದೆಂದರೆ ಅವನಿಗೆ ಮೈಮೇಲಿನ ಅಂಗಿ ಬಿಚ್ಚಿ ಕೊಟ್ಟ ಹಾಗೆ. ನನಗೆ ಹದಿನಾಲ್ಕು ವರ್ಷವಾಗಿದ್ದಾಗ ನಾನು ನೆಟ್ಟ ನುಗ್ಗೆ ಕೊಂಬೆ ಒಣಗಿಹೋಯಿತು. ನುಗ್ಗೆ ಒಣಗಿಸುವುದು ಯಾರಿಂದಲೂ ಆಗದ ಕೆಲಸವಂತೆ. 'ಯೋಗ ಕೈ ಇಟ್ರೆ ಕಳೆಗಿಡಾನೂ ಒಣಗೋಯ್ತದೆ' ಎಂದು ಅಪ್ಪ ಅಂದು ಹೇಳಿದ್ದನ್ನು ನನ್ನ ಮದುವೆಯಲ್ಲಿ ಬೀಗರಿಗೂ ಹೇಳಿದ.

ಸೋಮಾರಿಗೂ ಆಸೆಗಳಿರುತ್ತವೆ. ಐವತ್ತೊಂದು ತುಂಬಿದ ನನಗೆ ಉಳಿದಿದ್ದ ಆಸೆ ಒಂದೇ. ನಾನು ಬೆಳೆಸಿದ ಒಂದು ಗಿಡವನ್ನು ಅಪ್ಪ ಕಣ್ಣಾರೆ ನೋಡಿ ಒಂದು ಒಳ್ಳೆಯ ಮಾತು ಆಡಬೇಕು. ಬಡ್ತಿಗೂ ನಾನು ಇಷ್ಟು ಹಾತೊರೆದಿರಲಿಲ್ಲ.

ನಮ್ಮ ಮನೆ ಇರುವುದು ರಾಮನಗರದ ಹೊಸ ಬಡಾವಣೆಯಲ್ಲಿ. ಸೈಟಿನ ಅರ್ಧ ಮನೆ, ಇನ್ನರ್ಧ ಖಾಲಿ. ನನ್ನ ಹೆಂಡತಿ ಲತಾಮಣಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾಳೆ. ಖಾಲಿ ಜಾಗದಲ್ಲಿ ಅವಳು ಗುಲಾಬಿ ಇಟ್ಟಳು. ಗುಲಾಬಿ ಅಂದರೆ ಮನೆಗೆ ಬಂದ ಹೊಸ ಅಳಿಯನ ಹಾಗೆ. ನೀರು ಹೆಚ್ಚಾದರೂ ಸಿಟ್ಟು, ಕಡಿಮೆಯಾದರೂ ಸಿಟ್ಟು. ಅವು ಒಂದೊಂದಾಗಿ ಸತ್ತ ಮೇಲೆ ಆ ಜಾಗವನ್ನು ನಾನು ವಹಿಸಿಕೊಂಡೆ. ಏನೂ ಮಾಡದೆ ಹಣ್ಣು ಬಿಡುವ ಗಿಡಗಳು ಯಾವುವು ಎಂದು ಒಂದು ತಿಂಗಳು ಫೋನಿನಲ್ಲಿ ವಿಡಿಯೋ ನೋಡಿದೆ. ಮಲಗಿಕೊಂಡೇ ಮಾಡಬಹುದಾದ ಕೃಷಿ ಅದೊಂದೇ.

ಕೊನೆಗೆ ಮೂರು ಜಾತಿಯ ಪೊದೆಗಳು ನನ್ನ ಪರೀಕ್ಷೆಯಲ್ಲಿ ಪಾಸಾದವು. ಕಾಂಪೌಂಡಿನ ಉದ್ದಕ್ಕೂ ಕವಳೆ. ಅದರ ಮುಳ್ಳಿಗೆ ಹೆದರಿ ಮೇಕೆಯೂ ಹತ್ತಿರ ಬರುವುದಿಲ್ಲ, ನೀರು ಕೇಳುವುದಿಲ್ಲ, ಉಪ್ಪಿನಕಾಯಿಗೆ ಕಾಯಿ ಕೊಡುತ್ತದೆ. ಮೂಲೆಯಲ್ಲಿ ಹುಳಿಸಿಹಿ ಹಣ್ಣಿನ ಫಾಲ್ಸಾ, ಪಕ್ಕದ ಮನೆಯ ಅಮೀರುನ್ನೀಸಾ ಕೊಟ್ಟ ಸಸಿ. ಅವರದು ರೇಷ್ಮೆ ನೂಲು ತೆಗೆಯುವ ಮನೆತನ. ಫಾಲ್ಸಾ ಶರಬತ್ತು ಇಲ್ಲದೆ ಅವರ ಬೇಸಿಗೆ ಕಳೆಯುವುದಿಲ್ಲ. ಮೂರನೆಯ ಜಾತಿಯ ಮೂರು ಸಸಿಗಳನ್ನು ಬಿಡದಿ ಹತ್ತಿರದ ಒಂದು ನರ್ಸರಿಯಲ್ಲಿ ಕೊಂಡೆ.

'ಸಾರ್, ಇದು ಮಲ್ಬೆರಿ ಅಂತ. ಉದ್ದ ಹಣ್ಣಿನ ಜಾತಿ. ನೆಟ್ಟು ಮರೆತುಬಿಡಿ, ಅದೇ ಬರುತ್ತೆ' ಎಂದ ನರ್ಸರಿಯವನು. ಜೀವಮಾನದಲ್ಲಿ ಮೊದಲ ಸಲ ಆ ಹೆಸರು ಕೇಳಿದವನಂತೆ ತಲೆಯಾಡಿಸಿದೆ. ಹಿಪ್ಪುನೇರಳೆ ಕಡ್ಡಿಯನ್ನು ನಮ್ಮ ಕಡೆ ಮುರಿದು ಬಿಸಾಡಿದರೂ ಚಿಗುರುತ್ತದೆ. ಅದನ್ನು ಕವರಿನಲ್ಲಿಟ್ಟು, ಮೂರು ಸಸಿಗೂ ದುಡ್ಡು ತೆತ್ತು ತಂದ ಮೊದಲ ರೇಷ್ಮೆ ಮನೆಯವನು ಬಹುಶಃ ನಾನೇ. ಬಸ್ಸಿನಲ್ಲಿ ಪರಿಚಯದವರು ನೋಡಿಯಾರೆಂದು ಪೇಪರ್ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದೆ.

ಗುಂಡಿ ತೋಡಿದ್ದು ಒಂದು ಸಲ, ಗೊಬ್ಬರ ಹಾಕಿದ್ದು ಒಂದು ಸಲ. ಆಮೇಲೆ ನನ್ನ ಪದ್ಧತಿಯಂತೆ ಕೈಕಟ್ಟಿ ಕೂತೆ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಮೂರು ಹಿಪ್ಪುನೇರಳೆ ಗಿಡಗಳು ಕಾಂಪೌಂಡು ಮೀರಿ ಬೆಳೆದವು. ಮೂರನೆಯ ವರ್ಷದ ಫೆಬ್ರವರಿಯಲ್ಲಿ ಕಡ್ಡಿಕಡ್ಡಿಗೂ ಹಣ್ಣು. ಮೊದಲು ಹಸಿರು, ಆಮೇಲೆ ಕೆಂಪು, ಆಮೇಲೆ ಕಡುಕಪ್ಪು, ಕಿರುಬೆರಳಿನಷ್ಟು ಉದ್ದ. ಪಿಕಳಾರ ಹಕ್ಕಿಗಳು ಬೆಳಗಾಗುವ ಮೊದಲೇ ಬಂದು ಗಲಾಟೆ ಎಬ್ಬಿಸುತ್ತಿದ್ದವು. ಅಮೀರುನ್ನೀಸಾ ಒಂದು ಬಟ್ಟಲು ಹಣ್ಣು ತಿಂದು, 'ನಲವತ್ತು ವರ್ಷ ಗೂಡು ಬೇಯಿಸಿದೀನಿ ಸಾರ್. ಈ ಗಿಡದಲ್ಲಿ ಇಷ್ಟು ಸಿಹಿ ಇದೆ ಅಂತ ಯಾರೂ ನನಗೆ ಹೇಳ್ಲೇ ಇಲ್ವಲ್ಲ!' ಎಂದು ನನ್ನನ್ನೇ ತಪ್ಪಿತಸ್ಥನಂತೆ ನೋಡಿದರು.

ನಮ್ಮ ಬಡಾವಣೆಯಲ್ಲಿ ಒಂದು ಕೈತೋಟ ಬಳಗವಿದೆ. ಇಪ್ಪತ್ತು ಜನ, ಒಂದು ವಾಟ್ಸಾಪ್ ಗುಂಪು. ನನ್ನ ಗಿಡದ ಫೋಟೋ ಅಲ್ಲಿ ಓಡಾಡಿತು. ಆರೈಕೆ ಬೇಡದ ಹಣ್ಣಿನ ತೋಟ ನೋಡಲು ಮುಂದಿನ ಭಾನುವಾರ ಎಲ್ಲರೂ ಬರುತ್ತಾರೆಂದೂ, ನಾನು ಹತ್ತು ನಿಮಿಷ ಮಾತಾಡಬೇಕೆಂದೂ ತೀರ್ಮಾನವಾಯಿತು. ಏನೂ ಮಾಡದೆ ಇರುವುದು ಹೇಗೆ ಎಂಬುದರ ಮೇಲೆ ನಾನು ಎರಡು ಪುಟ ಬರೆದುಕೊಂಡೆ.

ಅದೇ ವಾರ ಅಪ್ಪ ಬಂದ. ಮಂಡಿ ನೋವು ಜಾಸ್ತಿಯಾಗಿ, ಹತ್ತು ದಿನ ದಿನಾ ಬಂದು ವ್ಯಾಯಾಮ ಮಾಡಿಸಿಕೊಂಡು ಹೋಗಬೇಕೆಂದು ಇಲ್ಲಿನ ಡಾಕ್ಟರು ಹೇಳಿದ್ದರು. ಗಿಡಗಳು ತುಂಬಿ ನಿಂತಿರುವಾಗಲೇ ಅಪ್ಪ ಬರುತ್ತಿದ್ದಾನೆ! ಆ ಮಂಡಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಸೋಮವಾರ ಮಧ್ಯಾಹ್ನ ಆಟೋ ಗೇಟಿನ ಮುಂದೆ ನಿಂತಿತು. ಅಪ್ಪ ಇಳಿದ. ನಾನು ಅವನ ಚೀಲ ಹಿಡಿದುಕೊಂಡು, ಬೇಕೆಂದೇ ಎರಡು ಹೆಜ್ಜೆ ಹಿಂದೆ ನಿಂತೆ. ಅಪ್ಪ ಗಿಡಗಳನ್ನು ನೋಡಿದ. ಹತ್ತಿರ ಹೋದ. ಒಂದು ಎಲೆ ಹಿಡಿದು ಮಡಿಚಿದ. ಬಲಿತ ಎಲೆ ಪಟಕ್ಕನೆ ಮುರಿಯಿತು. ಆಮೇಲೆ ಬೀದಿಯ ಆ ಕಡೆ ಈ ಕಡೆ ಕಣ್ಣು ಹಾಯಿಸಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಕೇಳಿದ:

'ಯಾರಿಗ್ಲಾ ಹುಷಾರಿಲ್ಲ ಮನೇಲಿ?'

'ಎಲ್ಲಾ ಚೆನ್ನಾಗವ್ರೆ. ಯಾಕಪ್ಪ?'

'ಮತ್ಯಾಕ್ಲಾ ಸೊಪ್ಪು ಹಿಂಗ್ ಬುಟ್ಟಿದ್ದೀಯ?'

ಆಗ ನನಗೆ ಹೊಳೆಯಿತು. ಮೂವತ್ತು ವರ್ಷದ ಕಚೇರಿ ಗಾಳಿಯಲ್ಲಿ ನಾನು ಮರೆತಿದ್ದ ಸಂಗತಿ ಅದು. ನಮ್ಮ ಕಡೆ ಸೊಪ್ಪನ್ನು ಎರಡು ತಿಂಗಳಿಗೊಮ್ಮೆ ಬುಡಮಟ್ಟ ಕುಯ್ದು ಹುಳಕ್ಕೆ ಹಾಕುತ್ತಾರೆ. ಕುಯ್ಯುವ ತೋಟದಲ್ಲಿ ಹಣ್ಣು ಅಲ್ಲೊಂದು ಇಲ್ಲೊಂದು. ತೋಟದ ತುಂಬ ಹಣ್ಣು ಬಿಟ್ಟಿದೆ ಎಂದರೆ ಹೊತ್ತಿಗೆ ಸರಿಯಾಗಿ ಸೊಪ್ಪು ಕುಯ್ಯುವವರಿಲ್ಲ ಎಂದರ್ಥ. ಮನೆಯಲ್ಲಿ ಸಾವಾಗಿರಬೇಕು, ಇಲ್ಲ ಅಣ್ಣತಮ್ಮಂದಿರು ಹೊಡೆದಾಡಿಕೊಂಡಿರಬೇಕು, ಅದೂ ಇಲ್ಲದಿದ್ದರೆ ಯಜಮಾನ ಕುಡಿದು ಬಿದ್ದಿರಬೇಕು. ದಾರಿಯಲ್ಲಿ ಹೋಗುವವರು ಅಂಥ ತೋಟ ಕಂಡರೆ 'ಪಾಪ' ಅಂದುಕೊಂಡು ಮುಂದಿನ ಮನೆಯಲ್ಲಿ ವಿಚಾರಿಸುತ್ತಾರೆ. ಚಿಕ್ಕಂದಿನಲ್ಲಿ ನಾವು ಹಣ್ಣು ತಿಂದದ್ದೆಲ್ಲ ಬೇರೆಯವರ ಕೆಟ್ಟ ಕಾಲದಲ್ಲಿ. ಅಪ್ಪನ ತೋಟದಲ್ಲಿ ಒಂದು ಬೊಗಸೆ ಹಣ್ಣನ್ನೂ ನಾನು ಕಂಡವನಲ್ಲ.

'ಇದು ಹಣ್ಣಿಗೇ ಬಿಟ್ಟಿರೋದು ಕಣಪ್ಪ. ಹುಳಕ್ಕಲ್ಲ' ಎಂದೆ.

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮೈಕೈ ನೋವಿಗೆ ಅಂತ ಕುಡೀತೀನಿ ಎನ್ನುವವನನ್ನು ನೋಡುವಂತೆ. 'ಹೂಂ, ಆಯ್ತು ಬುಡು' ಎಂದು ಒಳಗೆ ಹೋದ. ಆ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದ್ದದ್ದು ಮರುಕ.

ಮುಂದಿನ ನಾಲ್ಕು ದಿನ ಅಪ್ಪ ಆಸ್ಪತ್ರೆಯಿಂದ ಬಂದವನೇ ಪ್ಲಾಸ್ಟಿಕ್ ಕುರ್ಚಿಯನ್ನು ತಿರುಗಿಸಿ, ಗಿಡಗಳಿಗೆ ಬೆನ್ನು ಮಾಡಿ ಕೂರುತ್ತಿದ್ದ. ಲತಾಮಣಿ ತಟ್ಟೆಯಲ್ಲಿ ಹಣ್ಣು ತಂದಿಟ್ಟರೆ ಸೊಸೆಯ ಮುಖ ನೋಡಿ ಎರಡು ಬಾಯಿಗೆ ಹಾಕಿಕೊಂಡು ತಟ್ಟೆ ಸರಿಸುವನು. ಬೀದಿಯಲ್ಲಿ ಹೋಗುವವರು ನಿಂತು ಫೋಟೋ ತೆಗೆದುಕೊಂಡರಂತೂ ಕುರ್ಚಿಯಲ್ಲೇ ಕುಗ್ಗುವನು. ಮಗನ ಮನೆಯ ದುರವಸ್ಥೆಯನ್ನು ಊರೆಲ್ಲ ಚಿತ್ರ ತೆಗೆಯುತ್ತಿದೆಯಲ್ಲ ಎಂಬ ಸಂಕಟ. 'ಅವುನ್ಗೆ ಆಪೀಸ್ನಲ್ಲಿ ಕೆಲ್ಸ ಜಾಸ್ತೀನಾ ತಾಯಿ? ಮೊದ್ಲೂ ಹಿಂಗೇ ಇದ್ದ, ಆದ್ರೆ ಇಷ್ಟೊಂದ್ ಇರ್ಲಿಲ್ಲ' ಎಂದು ಅವಳನ್ನು ಗುಟ್ಟಾಗಿ ಕೇಳಿದನಂತೆ. ಅವಳು ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ.

ಶುಕ್ರವಾರ ಸಂಜೆ ನಮ್ಮೂರಿನ ಲಿಂಗಯ್ಯ ಬಂದ. ಅಪ್ಪನ ತೋಟದ ಪಕ್ಕದ ತೋಟ ಅವನದು. ಯಾರ ಸೊಪ್ಪು ಮೊದಲು ಕುಯ್ಲಿಗೆ ಬರುತ್ತದೆ ಎಂದು ಇಬ್ಬರಿಗೂ ನಲವತ್ತು ವರ್ಷದಿಂದ ಪೈಪೋಟಿ. ಮಾರ್ಕೆಟ್ಟಿಗೆ ಗೂಡು ತಂದವನು ಅಪ್ಪನ ಮಂಡಿ ವಿಚಾರಿಸಲು ಬಂದು, ಮಂಡಿ ಬಿಟ್ಟು ಗಿಡವನ್ನೇ ನೋಡಿದ.

'ಏನ್ ಕೆಂಪಣ್ಣ, ಸೊಪ್ಪು ಬಲ್ತೋಗಿ ಹಣ್ಣಿಗ್ ಬಂದ್ಬುಟ್ಟೈತಲ್ಲ. ಮಗ ಸೊಸೆ ನೆಟ್ಟಗವ್ರಾ?'

ಕಾಫಿ ತರುತ್ತಿದ್ದ ನಾನು ಬಾಗಿಲಲ್ಲೇ ನಿಂತೆ. ಅಪ್ಪ ಮಂಡಿ ಸವರಿಕೊಳ್ಳುತ್ತ ಹೇಳಿದ: 'ನಾಟಿ ಕಡ್ಡಿಗೆ ಅಂತ ಬುಟ್ಟವ್ನೆ. ಯಾರೋ ಕೇಳವ್ರಂತೆ.'

ನಾಟಿಗೆ ಬಲಿತ ಕಡ್ಡಿಯೇ ಬೇಕು. ಹಾಗಾಗಿ ಮರ್ಯಾದಸ್ಥರು ಸೊಪ್ಪು ಕುಯ್ಯದೆ ಬಿಡುವುದು ಅದೊಂದೇ ಕಾರಣಕ್ಕೆ. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಲಿಂಗಯ್ಯ ನಂಬಲಿಲ್ಲ ಎಂಬುದು ಅವನು ಕಾಫಿ ಹೀರುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ನಾನು ಆಗಲಾದರೂ ಅಪ್ಪನ ಪಕ್ಕ ಕೂತು ಎಲ್ಲ ಬಿಡಿಸಿ ಹೇಳಬೇಕಿತ್ತು. ಹೇಗೂ ಭಾನುವಾರ ಇಪ್ಪತ್ತು ಜನ ಬಂದು ಹೊಗಳುತ್ತಾರೆ, ಅಪ್ಪನಿಗೆ ತಾನಾಗಿಯೇ ಅರ್ಥವಾಗುತ್ತದೆ ಎಂದು ಸುಮ್ಮನಾದೆ. ಸೋಮಾರಿತನ ಗಿಡಕ್ಕೆ ಒಳ್ಳೆಯದು, ಮನುಷ್ಯರಿಗೆ ಅಷ್ಟು ಒಳ್ಳೆಯದಲ್ಲ.

ಶನಿವಾರ ಮಧ್ಯಾಹ್ನ ಕಚೇರಿಯಿಂದ ಊಟಕ್ಕೆ ಬಂದೆ. ನಮ್ಮ ಮನೆ ಬೀದಿಯ ತಿರುವಿನಿಂದಲೇ ಕಾಣಿಸಿತು. ಎಂದೂ ಹಾಗೆ ಕಾಣಿಸುತ್ತಿರಲಿಲ್ಲ. ಗಿಡಗಳು ಅಡ್ಡ ಇರುತ್ತಿದ್ದವು.

ಮೂರು ಗಿಡಗಳೂ ನೆಲದಿಂದ ನಾಲ್ಕು ಬೆರಳಿಗೆ ನಿಂತಿದ್ದವು. ಕಡಿತ ಒಂದೇ ಸಮ, ಒಂದು ಸಿಬಿರೂ ಎದ್ದಿಲ್ಲ. ಪಕ್ಕದಲ್ಲಿ ಸೊಪ್ಪಿನ ನಾಲ್ಕು ಹೊರೆ, ಹಗ್ಗ ಬಿಗಿದು, ಬಾಡದಿರಲೆಂದು ಮೇಲೆ ಒದ್ದೆ ಗೋಣಿತಾಟು ಹೊದಿಸಿತ್ತು. ಅಂಗಳವೆಲ್ಲ ಗುಡಿಸಿ ನೀರು ಹಾಕಿತ್ತು. ಉದುರಿದ ಹಣ್ಣುಗಳು ಚರಂಡಿಯ ಬಾಯಲ್ಲಿ ರಾಶಿ ಬಿದ್ದು, ನೀರು ನೇರಳೆ ಬಣ್ಣಕ್ಕೆ ತಿರುಗಿತ್ತು. ಅಮೀರುನ್ನೀಸಾ ತಮ್ಮ ಗೇಟಿನಲ್ಲಿ ನಿಂತು, 'ಮಚ್ಚು ಕೇಳಿದ್ರು, ಕೊಟ್ಟೆ ಸಾರ್. ಯಾಕೆ ಅಂತ ಕೇಳ್ಲಿಲ್ಲ. ಕಾಯಿ ಒಡೆಯೋಕೆ ಅಂದ್ಕೊಂಡೆ' ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಅಪ್ಪ ಪಂಚೆ ಎತ್ತಿ ಕಟ್ಟಿ ನಿಂತಿದ್ದ. ಮಂಡಿ ಊದಿ ಗುಂಡಗಾಗಿತ್ತು, ಬನಿಯನ್ನು ಬೆವರಲ್ಲಿ ನೆನೆದಿತ್ತು. ಮುಖದಲ್ಲಿ ಮಾತ್ರ ನಾನು ಕಂಡೇ ಇರದಂಥ ಗೆಲುವು.

'ಬಾರ್ಲಾ, ನೋಡು. ಈಗ ಮನೆ ಮುಂದೆ ಒಸಿ ಲಕ್ಷಣ ಬಂತು. ಕಡ್ಡಿ ಒಂದೊಂದೂ ಹೆಬ್ಬೆಟ್ಟು ದಪ್ಪ ಅವೆ ಕಣ್ಲಾ. ಕಡೀತಾ ಕಡೀತಾ ನನ್ಗೇ ಆಶ್ಚರ್ಯ ಆಯ್ತು. ಗಿಡ ಚೆಂದಾಗಿ ಎಬ್ಬಿಸಿದ್ದೀಯ. ನಿನ್ ಕೈಲಿ ಇದಾಯ್ತದೆ ಅಂತ ನಾನ್ ಅಂದ್ಕಂಡಿರ್ಲಿಲ್ಲ.'

ಮೂವತ್ತೇಳು ವರ್ಷ ಕಾದ ಮಾತು. ಅದು ಬಂದದ್ದು ಗಿಡ ಹೋಗಿ ಒಂದು ಗಂಟೆಯಾದ ಮೇಲೆ. ಅಪ್ಪನ ಮೇಲೆ ಎಂದೂ ಬಾರದಿದ್ದ ಸಿಟ್ಟು ಬಂತು, ಬಂದದ್ದು ಬಾಯಿಗೂ ಬಂತು.

'ನಿಂಗ್ ಗೊತ್ತಿರೋದು ಅದೊಂದೇ, ಕಡಿಯೋದು! ಹುಳ ಸಾಕಿ ಸಾಕಿ ಹುಳದಷ್ಟೇ ಬುದ್ಧಿ ನಿಂಗೂ. ನಾಳೆ ಈ ಹಣ್ಣು ನೋಡಕ್ಕೆ ಇಪ್ಪತ್ತು ಜನ ಬತ್ತಾವ್ರೆ. ಏನ್ ತೋರಿಸ್ಲಿ ಅವ್ರಿಗೆ? ನಿನ್ ಮಂಡಿ ತೋರಿಸ್ಲಾ?'

ಅಮೀರುನ್ನೀಸಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಪ್ಪ ಎತ್ತಿ ಕಟ್ಟಿದ್ದ ಪಂಚೆಯನ್ನು ಮೆಲ್ಲಗೆ ಇಳಿಬಿಟ್ಟ.

'ನಿಜ್ವಾಗ್ಲೂ ಹಣ್ಣಿಗೇ ಬುಟ್ಟಿದ್ದಾ?'

'ಬಂದ ದಿನಾನೇ ಹೇಳಿದ್ನಲ್ಲ!'

'ಮಾನ ಉಳಿಸ್ಕಳಕ್ಕೆ ಹಂಗಂತಾ ಇದ್ದೀಯ ಅಂದ್ಕಂಡೆ ಕಣ್ಲಾ' ಎಂದ ಅಪ್ಪ. 'ಜನ ನಿಂತ್ಕಂಡ್ ನೋಡ್ತಿದ್ರು. ನೀನು ಆಪೀಸ್ನಿಂದ ಬರೋ ಹೊತ್ಗೆ ಮುಗಿಸ್ಬುಡುಮಾ ಅಂತ...'

ನಾನು ಊಟ ಮಾಡದೆ ಕಚೇರಿಗೆ ಹೋದೆ.

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಅಪ್ಪ ಹೊರಟ. ಇನ್ನೂ ಐದು ದಿನದ ವ್ಯಾಯಾಮ ಬಾಕಿಯಿತ್ತು. ಲತಾಮಣಿ ಚೀಲ ಕಿತ್ತುಕೊಂಡು ನಿಂತಳು, ಅಪ್ಪ ಕೇಳಲಿಲ್ಲ. 'ಹುಳ ಎರಡನೇ ಜ್ವರ ಏಳ್ತವೆ ತಾಯಿ, ಅನಂತ ಒಬ್ನೇ ಅವ್ನೆ' ಎಂದ. ನಾಲ್ಕು ಹೊರೆಯಲ್ಲಿ ಎರಡನ್ನು ಬಸ್ಸಿಗೆ ಹಾಕಿಸಿಕೊಂಡ. ಸೊಪ್ಪು ದಂಡ ಮಾಡಬಾರದಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಾನು ಹೊರೆ ಎತ್ತಿಕೊಟ್ಟೆ. ಅಷ್ಟೇ ನಾವಿಬ್ಬರೂ ಜೊತೆಯಾಗಿ ಮಾಡಿದ ಕೆಲಸ.

ಹತ್ತು ಗಂಟೆಗೆ ಬಳಗದವರು ಬಂದರು. ಮೂರು ಮೋಟು ಬುಡಗಳ ಸುತ್ತ ಇಪ್ಪತ್ತು ಜನ ಮೌನವಾಗಿ ನಿಂತದ್ದು ನೋಡಿದರೆ ಯಾರನ್ನೋ ಹೂಳುತ್ತಿರುವಂತೆ ಕಾಣುತ್ತಿತ್ತು. ನಾನು ಎರಡು ಪುಟವನ್ನು ಜೇಬಿಗೆ ತುರುಕಿ, 'ಇದು ಸವರುವ ಹಂತ. ಬಹಳ ಮುಖ್ಯವಾದದ್ದು. ನಾಲ್ಕೇ ಬೆರಳು ಬಿಡಬೇಕು' ಎಂದುಬಿಟ್ಟೆ. ಎಲ್ಲರೂ ಬಗ್ಗಿ ಬೆರಳಿಟ್ಟು ಅಳೆದರು. ಯೋಗಾನಂದ ಅವರು ಇಷ್ಟು ನಿಷ್ಠುರವಾಗಿ ಸವರುತ್ತಾರೆಂದು ಗೊತ್ತಿರಲಿಲ್ಲ ಎಂದು ಒಬ್ಬರು ಮೆಚ್ಚಿದರು. ಅದೇ ಸಂಜೆ ನಮ್ಮ ಬಡಾವಣೆಯಲ್ಲಿ ಹಲವು ನಿರಪರಾಧಿ ಗಿಡಗಳು ನಾಲ್ಕು ಬೆರಳಿಗೆ ಇಳಿದವು. ಅವುಗಳಲ್ಲಿ ಎರಡು ದಾಸವಾಳ, ಒಂದು ಸೀಬೆ.

ಆಮೇಲಿನ ಕಥೆ ನನಗೆ ಇನ್ನೂ ಕಷ್ಟದ್ದು. ಹತ್ತನೇ ದಿನಕ್ಕೆ ಬುಡದಲ್ಲಿ ಮೊಗ್ಗೆ ಒಡೆಯಿತು. ತಿಂಗಳಿಗೆ ಸೊಂಟದೆತ್ತರ. ಹಣ್ಣಿನ ಜಾತಿಯಲ್ಲವೇ, ಎರಡು ತಿಂಗಳು ತುಂಬುವಷ್ಟರಲ್ಲಿ ಹೊಸ ಕಡ್ಡಿಗಳಲ್ಲಿ ಎಲೆಗಿಂತ ಹಣ್ಣೇ ಹೆಚ್ಚು. ನಾನು ಏನೂ ಮಾಡದೆ ಪಡೆದದ್ದರ ಎರಡರಷ್ಟನ್ನು ಅಪ್ಪನ ಮಚ್ಚು ಕೊಟ್ಟಿತ್ತು. ಬಳಗದವರು ಮತ್ತೆ ಬಂದು, ಅದಕ್ಕೆ ಯೋಗಾನಂದ ವಿಧಾನ ಎಂದು ಹೆಸರಿಟ್ಟರು. ನಾನು ಬೇಡ ಎನ್ನಲಿಲ್ಲ. ಎಂಟು ದಿನ ಆ ಹೆಸರಿನಲ್ಲಿ ಮೆರೆದೆ. ಒಂಬತ್ತನೆಯ ದಿನ ಲತಾಮಣಿ ಪಾತ್ರೆ ತೊಳೆಯುತ್ತ, ತಿರುಗಿಯೂ ನೋಡದೆ ಹೇಳಿದಳು: 'ರೀ, ಆ ವಿಧಾನ ಕಂಡುಹಿಡಿದವರು ಮಂಡಿ ನೋವಿಗೆ ಏನು ಮಾಡ್ಕೊಂಡಿದಾರೆ ಅಂತ ಕೇಳಿದ್ರಾ?'

ಕೇಳಿರಲಿಲ್ಲ. ಫೋನು ಮಾಡಿದರೆ ಅಣ್ಣ ಎತ್ತುತ್ತಿದ್ದ. 'ಅಪ್ಪ ಹುಳದ ಮನೇಲಿ ಅವ್ನೆ' ಅನ್ನುತ್ತಿದ್ದ. ಅವನನ್ನು ಫೋನಿಗೆ ಕರೆ ಅನ್ನುವ ಧೈರ್ಯ ನನಗೆ ಬಂದಿರಲಿಲ್ಲ.

ಮಾರನೆಯ ದಿನ ರಜೆ ಹಾಕಿ, ಸ್ಟೀಲ್ ಡಬ್ಬಿಯ ತುಂಬ ಹಣ್ಣು ತುಂಬಿಕೊಂಡು ಹೊರಟೆ. ಕನಕಪುರದಲ್ಲಿ ಬಸ್ಸು ಬದಲಾಯಿಸುವಷ್ಟರಲ್ಲಿ ಡಬ್ಬಿಯಿಂದ ರಸ ಸೋರಿ ಪ್ಯಾಂಟಿಗೆ ಇಳಿದಿತ್ತು. ಸಾತನೂರಿನಲ್ಲಿ ಇಳಿದು ತೆರೆದು ನೋಡಿದರೆ ಒಳಗೆ ಗೊಜ್ಜು. ಅದನ್ನು ಬೇಲಿ ಪಕ್ಕ ಸುರಿದು, ಬರಿಗೈಯಲ್ಲಿ ಊರಿನ ಕಡೆ ನಡೆದೆ.

ನಮ್ಮ ತೋಟ ರಸ್ತೆಯ ಪಕ್ಕದಲ್ಲೇ ಇದೆ. ದೂರದಿಂದಲೇ ಕಣ್ಣಿಗೆ ಬಿತ್ತು: ತೋಟವೆಲ್ಲ ಒಪ್ಪವಾಗಿ ಕುಯ್ದಿದೆ, ರಸ್ತೆಗೆ ಅಂಟಿದ ಮೊದಲ ಸಾಲು ಮಾತ್ರ ಆಳೆತ್ತರ ನಿಂತಿದೆ. ಎಲೆ ಹಳದಿ ತಿರುಗಿ ಉದುರುತ್ತಿದೆ. ಕಡ್ಡಿಗಳ ಮೇಲೆ ಕಪ್ಪಗೆ ಹಣ್ಣು.

ಅಪ್ಪನಿಗೆ ಏನೋ ಆಗಿದೆ, ನನಗೆ ಹೇಳಿಲ್ಲ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲೂ ಹೊತ್ತು ಮೀರಿದೆ. ಐವತ್ತೊಂದು ವರ್ಷದ ಸೋಮಾರಿ ನಾನು, ಮನೆಯವರೆಗೆ ಓಡಿದೆ.

ಹುಳದ ಮನೆಯ ಬಾಗಿಲಲ್ಲಿ ಅಣ್ಣ ಅನಂತರಾಜು ಸಿಕ್ಕ. 'ಅಪ್ಪ?' ಎಂದೆ, ಏದುಸಿರಿನಲ್ಲಿ.

'ಹಿತ್ಲಲ್ಲವ್ನೆ, ಗುಂಡ್ಕಲ್ಲಂಗೆ. ಏನಾಗೈತೆ ಅವುನ್ಗೆ? ಆಗಿರೋದು ನಮ್ಗೆ' ಎಂದು ಅಣ್ಣ ರೇಗಿದ. 'ನಿನ್ನಿಂದಾನೇ ಕಣ್ಲಾ. ಹುಳ ಕೊನೇ ಜ್ವರ ಎದ್ದು ಬೆಂಕಿ ಬಿದ್ದಂಗ್ ತಿಂತಾವೆ, ಸೊಪ್ಪು ಸಾಲ್ದು. ಆ ಸಾಲು ಕುಯ್ತೀನಿ ಅಂದ್ರೆ ಬುಡ್ನಿಲ್ಲ. ಅದು ಯೋಗಂದು, ಮುಟ್ಬ್ಯಾಡ ಅಂದ. ಲಿಂಗಯ್ಯನ ತಾವ ಎರಡು ಗಾಡಿ ಸೊಪ್ಪು ಕೊಂಡ್ಕಂಡ್ ಬಂದೋ. ಲಿಂಗಯ್ಯನ ತಾವ! ನಮ್ಮಪ್ಪ ಸೊಪ್ಪು ಸಾಲ್ದು ಅಂತ ಹೋಗಿ ಅವ್ನ ಮುಂದೆ ನಿಂತ್ಕಂಡ ಕಣ್ಲಾ.'

ನಾನು ಓಡಿ ಬಂದ ದಾರಿಯ ಕಡೆ ತಿರುಗಿ ನೋಡಿದೆ.

'ದಾರೀಲಿ ಹೋಗೋರೆಲ್ಲ ಬಂದು ಕೇಳ್ತಾರೆ, ಕೆಂಪಣ್ಣಂಗೆ ಏನಾಯ್ತು ಅಂತ. ಏನಂತಾನೆ ಗೊತ್ತಾ? ನನ್ ಎರಡನೇ ಮಗ ಹಿಂಗೇ ಹಣ್ಣಿಗ್ ಬುಡೋದು, ರಾಮನಗರದಲ್ಲಿ ಜನ ನಿಂತ್ಕಂಡ್ ನೋಡ್ತಾರೆ, ಅಂತಾನೆ. ಅವ್ರು ಹೂಂ ಅಂದು, ಆಚೆ ಹೋಗಿ ನಗ್ತಾರೆ.'

ಅಷ್ಟರಲ್ಲಿ ಹಿತ್ತಲಿನಿಂದ ಅಪ್ಪ ಬಂದ. ಕುಂಟು ಜಾಸ್ತಿಯಾಗಿತ್ತು. ನನ್ನನ್ನು ನೋಡಿ, ನಿನ್ನೆ ತಾನೆ ಮಾತಾಡಿದವನಂತೆ, 'ಬಂದ್ಯಾ? ತಡ ಮಾಡ್ಬುಟ್ಟೆ. ಅರ್ಧ ಹಕ್ಕಿ ತಿಂದ್ಬುಟ್ವು' ಎಂದು, ಒಂದು ಪಾತ್ರೆ ತೆಗೆದುಕೊಂಡು ತೋಟದ ಕಡೆ ನಡೆದ. ನಾನು ಹಿಂದೆ ಹೋದೆ.

'ಅಪ್ಪ, ಅವತ್ತು ನಾನು ಅಂದದ್ದು...'

'ಬುಡ್ಲಾ.'

'ನೀನ್ ಕಡಿದ್ಮೇಲೆ ಮೊದಲಿಗಿಂತ ಎರಡರಷ್ಟು ಹಣ್ಣು ಬಂತು.'

'ಬರ್ದೆ ಏನು? ಕಡಿದ್ರೆ ತಾನೆ ಗಿಡಕ್ಕೆ ಹುರುಪು ಬರೋದು' ಎಂದ ಅಪ್ಪ. ಆಮೇಲೆ, 'ಅದಿರ್ಲಿ, ಹಣ್ಣೆಲ್ಲ ಚರಂಡಿಗ್ ಹಾಕ್ಬುಟ್ನಲ್ಲ ಅಂತ ಬಸ್ಸಲ್ಲೆಲ್ಲ ಅದೇ ಯೋಚ್ನೆ. ಅಷ್ಟ್ ಹಣ್ಣು ನಿಂಗ್ ವಾಪಸ್ ಕೊಟ್ಬುಡುಮಾ ಅಂತ ಈ ಸಾಲು ಬುಟ್ಟೆ' ಎಂದ.

ಸಾಲಿನ ಮುಂದೆ ನಿಂತು ಅಪ್ಪ ಒಂದು ಕಡ್ಡಿ ಬಗ್ಗಿಸಿದ. ಕೆಂಪು ಹಣ್ಣೊಂದನ್ನು ಹಿಡಿದ, ಬಿಟ್ಟ. ಹಸಿರು ಮಿಶ್ರಿತದ್ದನ್ನು ಹಿಡಿದ, ಬಿಟ್ಟ. ಹುಟ್ಟಿದಾಗಿನಿಂದ ಈ ಗಿಡದ ನಡುವೆಯೇ ಇದ್ದ ಮನುಷ್ಯ. ಎಲೆ ಮುಟ್ಟಿಯೇ ಅದರ ವಯಸ್ಸು ದಿನದ ಲೆಕ್ಕದಲ್ಲಿ ಹೇಳುತ್ತಾನೆ. 'ಯಾವ್ದು ಕೀಳ್ಬೇಕು, ಒಸಿ ಹೇಳ್ಕೊಡ್ಲಾ' ಎಂದ.

'ಕಪ್ಪಂದು ಕಣಪ್ಪ. ಮುಟ್ಟಿದ್ರೆ ಕೈಗೆ ಬರ್ಬೇಕು.'

ಅಪ್ಪ ನಿಧಾನವಾಗಿ, ಒಂದೊಂದನ್ನೂ ನನಗೆ ತೋರಿಸಿ ಒಪ್ಪಿಗೆ ಪಡೆದು ಕೀಳತೊಡಗಿದ. ರಸ್ತೆಯಲ್ಲಿ ಬೈಕಿನವನೊಬ್ಬ ನಿಧಾನ ಮಾಡಿ ನಮ್ಮನ್ನೂ ಸಾಲನ್ನೂ ನೋಡಿಕೊಂಡು ಹೋದ. ಅಪ್ಪ ತಲೆ ಎತ್ತಲಿಲ್ಲ. ಪಾತ್ರೆ ಕಾಲುಭಾಗ ತುಂಬಿದ ಮೇಲೆ ನನ್ನ ಬೊಗಸೆಗೆ ಸುರಿದು, 'ತಿನ್ನು' ಎಂದ.

ಅದು ಎಲೆಗಾಗಿ ಬೆಳೆಸಿದ ತಳಿ. ಹಣ್ಣು ಸಣ್ಣದು, ನೀರು ನೀರು, ಸಿಹಿಯೆಂಬುದು ಹೆಸರಿಗೂ ಇರಲಿಲ್ಲ. ಅಪ್ಪ ಬೆರಳುಗಳ ಕಲೆಯನ್ನು ಪಂಚೆಗೆ ಒರೆಸಿಕೊಳ್ಳುತ್ತ ನನ್ನ ಮುಖವನ್ನೇ ನೋಡುತ್ತಿದ್ದ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಅವನ ಮುಂದೆ ನಾನು ನಿಂತದ್ದು ಹಾಗೆಯೇ.

ಬೊಗಸೆಯಲ್ಲಿದ್ದಷ್ಟನ್ನೂ ತಿಂದು ಮುಗಿಸಿ, 'ಇಷ್ಟ್ ಚೆನ್ನಾಗಿರೋದು ನನ್ ಗಿಡದಲ್ಲೂ ಬಂದಿಲ್ಲ ಕಣಪ್ಪ, ಇನ್ನೊಂದಿಷ್ಟು ಕೊಡು' ಎಂದೆ.